ಟೈಫಾಯ್ಡ್‌ನಲ್ಲಿ ಮಗನ ಕರುಳು ತೂತಾಯಿತು, ಈಗ ಹೊಟ್ಟೆಯ ಮೇಲೆ ಬ್ಯಾಗ್ ಇದೆ. ಗೊತ್ತಿರುವವರು ದಯವಿಟ್ಟು ಬರೆಯಿರಿ

ಹಾವೇರಿ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನನ್ನ ಮಗನಿಗೆ 9 ವರ್ಷ. ಜ್ವರ ಶುರುವಾದಾಗ ಮಳೆಯಲ್ಲಿ ನೆನೆದಿದ್ದಾನೆ ಅಂದುಕೊಂಡೆವು. ಐದು ದಿನ ಮಾತ್ರೆ ಕೊಟ್ಟೆವು. ಬೆಳಿಗ್ಗೆ ಸ್ವಲ್ಪ ಇಳಿಯುತ್ತಿತ್ತು, ಸಂಜೆಗೆ ಮತ್ತೆ ಏರುತ್ತಿತ್ತು. ಊರಲ್ಲೇ ಇಂಜೆಕ್ಷನ್ ಮಾಡಿಸಿದೆವು, ಸಲೈನ್ ಹಾಕಿಸಿದೆವು. ನಾಲಿಗೆ ಬೆಳ್ಳಗಾಗಿತ್ತು. ಊಟ ಬಿಟ್ಟಿದ್ದ. ಹದಿನಾರನೇ ದಿನ ರಾತ್ರಿ ಹೊಟ್ಟೆ ಹಿಡಿದುಕೊಂಡು ಚೀರಿದ. ಎರಡು ಮೂರು ತಾಸು ಒದ್ದಾಡಿದ. ಆಮೇಲೆ ತಾನೇ ಸುಮ್ಮನಾದ. ನೋವು ಇಳಿಯಿತು ಅಂತ ನಾನು ದೇವರಿಗೆ ಕೈಮುಗಿದೆ.

ಬೆಳಿಗ್ಗೆ ನೋಡಿದರೆ ಮಗ್ಗುಲು ಕೂಡ ಬದಲಿಸುತ್ತಿಲ್ಲ. ಮಂಡಿ ಮಡಚಿಕೊಂಡು ಹಾಗೇ ಮಲಗಿದ್ದಾನೆ. ಹೊಟ್ಟೆ ಮುಟ್ಟಿದರೆ ಹಲಗೆ ಹಾಗೆ. ಹಸಿರು ವಾಂತಿ. ಗ್ಯಾಸ್ ಇರಬೇಕು ಅಂತ ಊರಿನಲ್ಲಿ ಔಷಧಿ ಕೊಟ್ಟರು. ಸಂಜೆವರೆಗೆ ನೋಡೋಣ ಅಂದೆವು. ದೊಡ್ಡಾಸ್ಪತ್ರೆ ಮುಟ್ಟಿದ್ದು ಅದರ ಮರುದಿನ. ಎಕ್ಸ್‌ರೇ ತೆಗೆದು, ಅವತ್ತೇ ರಾತ್ರಿ ಆಪರೇಷನ್ ಮಾಡಿದರು. ಸಣ್ಣ ಕರುಳಿನಲ್ಲಿ ಎರಡು ತೂತು ಇತ್ತಂತೆ. ಒಂದು ಗೇಣು ಕರುಳು ಕತ್ತರಿಸಿ ತೆಗೆದು, ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು, ಅಲ್ಲಿಂದ ಬರುವ ಮಲ ಬೀಳಲು ಬ್ಯಾಗ್ ಅಂಟಿಸಿದ್ದಾರೆ. ನಾಲ್ಕು ದಿನ ಐಸಿಯುನಲ್ಲಿದ್ದ.

ಮನೆಗೆ ಬಂದು ಮೂರು ದಿನ ಆಯಿತು. ಬ್ಯಾಗ್ ಪದೇ ಪದೇ ತುಂಬುತ್ತದೆ. ಸುತ್ತಲಿನ ಚರ್ಮ ಸುಟ್ಟ ಹಾಗೆ ಕೆಂಪಾಗಿದೆ, ಮುಟ್ಟಿದರೆ ಅಳುತ್ತಾನೆ. ಆಪರೇಷನ್ ಗಾಯವೂ ಕೆಳಗಡೆ ಸ್ವಲ್ಪ ಬಿಟ್ಟುಕೊಂಡಿದೆ. ಇದು ಜೀವನಪೂರ್ತಿ ಹೀಗೇನಾ? ತೂತನ್ನು ಹೊಲಿದು ಒಳಗೇ ಬಿಡಬಹುದಿತ್ತಲ್ವಾ? ಆಸ್ಪತ್ರೆಯಲ್ಲಿ ಹೇಳಿದರು, ಆದರೆ ಆ ಹೊತ್ತಿಗೆ ನನ್ನ ತಲೆಗೆ ಏನೂ ಹೋಗಲಿಲ್ಲ.

ಮಕ್ಕಳ ಸರ್ಜನ್

ಅಮ್ಮ, ಮೊದಲು ದೊಡ್ಡ ಪ್ರಶ್ನೆಗೆ ಉತ್ತರ. ಇಲ್ಲ, ಜೀವನಪೂರ್ತಿ ಅಲ್ಲ. ಟೈಫಾಯ್ಡ್ ತೂತಿಗೆ ಮಕ್ಕಳಲ್ಲಿ ಹೀಗೆ ಕರುಳು ಹೊರಗೆ ತಂದರೆ, ಸಾಮಾನ್ಯವಾಗಿ 6ರಿಂದ 12 ವಾರಗಳಲ್ಲಿ ಮತ್ತೆ ಜೋಡಿಸಿ ಒಳಗೆ ಹಾಕುತ್ತೇವೆ. ಮಗು ತೂಕ ಹಾಕಿರಬೇಕು, ರಕ್ತ ಏರಿರಬೇಕು, ಗಾಯ ಮಾಗಿರಬೇಕು. ಕೆಳಗಿನ ಕರುಳಿಗೆ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದು, ದಾರಿ ಸರಿಯಿದೆ ಅಂತ ನೋಡಿಕೊಳ್ಳುತ್ತೇವೆ. ಅಷ್ಟೇ.

ಯಾಕೆ ಹೊಲಿದು ಬಿಡಲಿಲ್ಲ ಅಂದರೆ, ಒಳಗೆ ಏನಾಗಿತ್ತು ಅಂತ ಸ್ವಲ್ಪ ಹೇಳಬೇಕು. ಟೈಫಾಯ್ಡ್ ರೋಗಾಣು ನೀರು ಅಥವಾ ಊಟದ ಜೊತೆ ಹೊಟ್ಟೆಗೆ ಹೋಗುತ್ತದೆ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಪೇಯರ್ಸ್ ಪ್ಯಾಚ್ ಅಂತ ಮಚ್ಚೆಗಳಿವೆ. ಸೋಂಕಿನ ವಿರುದ್ಧ ಕಾಯುವ ಜೀವಕೋಶಗಳ ಗುಂಪು ಅವು. ರೋಗಾಣು ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ರಕ್ತ, ಯಕೃತ್ತು, ಗುಲ್ಮ, ಪಿತ್ತಕೋಶ ಎಲ್ಲ ಸುತ್ತಿ, ಪಿತ್ತದ ಜೊತೆ ಮತ್ತೆ ಅದೇ ಕರುಳಿಗೆ ಇಳಿಯುತ್ತದೆ. ಆಗ ಈ ಮಚ್ಚೆಗಳು ಊದಿಕೊಂಡು, ಕೊಳೆತು, ಹುಣ್ಣಾಗುತ್ತವೆ. ಹುಣ್ಣು ಆಳಕ್ಕೆ ಇಳಿದರೆ ತೂತು. ಇಷ್ಟೆಲ್ಲ ಆಗಲು ಎರಡು ವಾರದ ಮೇಲೆ ಬೇಕು. ಅದಕ್ಕೇ ಮೂರನೇ ವಾರ ಅಪಾಯದ ವಾರ. ನಿಮ್ಮ ಮಗನಿಗೆ ಹದಿನಾರನೇ ದಿನ ಅಂದಿರಲ್ಲ, ಸರಿಯಾಗಿ ಅದೇ ಹೊತ್ತು. ಸರಿಯಾದ ಔಷಧಿ ಸಿಗದ ಮಕ್ಕಳಲ್ಲಿ ಇನ್ನೂ ಬೇಗ ಆಗುವುದೂ ಉಂಟು.

ತೂತು ಒಂದೇ ಇದ್ದು, ಕೆಲವೇ ಗಂಟೆಗಳಲ್ಲಿ ಬಂದಿದ್ದು, ಮಗು ಗಟ್ಟಿಯಾಗಿದ್ದರೆ, ಅಂಚು ಕತ್ತರಿಸಿ ಎರಡು ಪದರದಲ್ಲಿ ಹೊಲಿಯುತ್ತೇವೆ. ಎರಡು ಮೂರು ತೂತು ಹತ್ತಿರ ಹತ್ತಿರ ಇದ್ದರೆ ಆ ತುಂಡನ್ನೇ ತೆಗೆದು ತುದಿಗೆ ತುದಿ ಜೋಡಿಸುತ್ತೇವೆ. ಆದರೆ ಒಂದು ದಿನ ದಾಟಿದ ಮೇಲೆ ಹೊಟ್ಟೆ ತುಂಬ ಮಲ, ಕೀವು. ಕರುಳು ಊದಿಕೊಂಡು ಒದ್ದೆ ಕಾಗದದ ಹಾಗೆ ಆಗಿರುತ್ತದೆ. ಸೂಜಿ ಹಾಕಿದ ಜಾಗದಲ್ಲೇ ಹರಿಯುತ್ತದೆ. ಅಂಥ ಕಡೆ ಜೋಡಿಸಿ ಒಳಗೆ ಬಿಟ್ಟರೆ, ಐದನೇ ಆರನೇ ದಿನ ಹೊಲಿಗೆ ಬಿಟ್ಟು ಮಲ ಮತ್ತೆ ಹೊಟ್ಟೆಯೊಳಗೆ ಸೋರುತ್ತದೆ. ಎರಡನೇ ಸಲದ ಸೋರಿಕೆಯಲ್ಲಿ ನಾವು ಮಕ್ಕಳನ್ನು ಕಳೆದುಕೊಂಡಿದ್ದೇವೆ. ಅದನ್ನು ಕಣ್ಣಾರೆ ನೋಡಿದ ಸರ್ಜನ್, ಹೊರಗೆ ತರುವುದೇ ವಾಸಿ ಅಂತ ತೀರ್ಮಾನ ಮಾಡುತ್ತಾರೆ. ನಿಮ್ಮ ಮಗನನ್ನು ಉಳಿಸಿದ್ದು ಆ ಬ್ಯಾಗೇ ಇರಬಹುದು.

ಗಾಯ ಕೆಳಗಡೆ ಬಿಟ್ಟಿರುವುದಕ್ಕೆ ತುಂಬ ಹೆದರಬೇಡಿ. ಈ ಆಪರೇಷನ್ ಆದ ಮೇಲೆ ಅತಿ ಹೆಚ್ಚು ಕಾಣುವ ತೊಂದರೆ ಅದೇ. ದಿನಾ ಡ್ರೆಸ್ಸಿಂಗ್ ಆದರೆ ಕೆಳಗಿನಿಂದ ತುಂಬಿಕೊಂಡು ಬರುತ್ತದೆ. ಆದರೆ ಗಾಯದಿಂದ ಇದ್ದಕ್ಕಿದ್ದಂತೆ ತಿಳಿಗೆಂಪು ನೀರು ಸುರಿದರೆ, ಅಥವಾ ಮಲದ ವಾಸನೆಯ ಸ್ರಾವ ಬಂದರೆ, ಅದೇ ಕ್ಷಣ ಹೊರಡಿ.

ವಾರ್ಡ್ ಸಿಸ್ಟರ್

ಅಕ್ಕಾ, ಚರ್ಮದ ವಿಷಯ ನಾನು ಹೇಳುತ್ತೇನೆ. ಮಕ್ಕಳ ಸರ್ಜರಿ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ.

ಸಣ್ಣ ಕರುಳಿನ ನೀರಿನಲ್ಲಿ ಊಟ ಕರಗಿಸುವ ರಸ ಇರುತ್ತದೆ. ಚರ್ಮಕ್ಕೆ ತಾಗಿದರೆ ಅದು ಚರ್ಮವನ್ನೂ ಕರಗಿಸುತ್ತದೆ. ನಿಮ್ಮ ಮಗನ ಚರ್ಮ ಕೆಂಪಾಗಿದೆ ಅಂದರೆ ಬ್ಯಾಗಿನ ಅಡಿಯಲ್ಲಿ ಎಲ್ಲೋ ಸೋರುತ್ತಿದೆ. ಹೆಚ್ಚಿನ ಸಲ ಕಾರಣ ಒಂದೇ, ಬ್ಯಾಗಿನ ಅಂಟು ಬಿಲ್ಲೆಯಲ್ಲಿ ತೂತು ದೊಡ್ಡದಾಗಿ ಕತ್ತರಿಸಿರುತ್ತಾರೆ. ಹೊರಗೆ ಕಾಣುವ ಕರುಳಿಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ಮೊದಲ ವಾರಗಳಲ್ಲಿ ಕರುಳಿನ ಊತ ಇಳಿಯುತ್ತಾ ಹೋಗುತ್ತದೆ. ಆಸ್ಪತ್ರೆಯಲ್ಲಿ ತೆಗೆದ ಅಳತೆ ಮನೆಯಲ್ಲಿ ಸರಿಹೋಗುವುದಿಲ್ಲ. ಪ್ರತಿ ಸಲ ಹೊಸದಾಗಿ ಅಳೆಯಿರಿ. ಒಂದು ಕಾಗದದಲ್ಲಿ ಗುರುತು ಮಾಡಿ ಇಟ್ಟುಕೊಳ್ಳಿ.

ಬೆಳಿಗ್ಗೆ ಏನೂ ತಿನ್ನುವ ಮೊದಲು ಬದಲಿಸಿ, ಆಗ ಸೋರುವುದು ಕಡಿಮೆ. ಬರೀ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಸ್ಪಿರಿಟ್ ಬೇಡ, ಡೆಟಾಲ್ ಬೇಡ, ಎಣ್ಣೆ ಬೇಡ. ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಪೂರ್ತಿ ಒಣಗಲಿ. ಹಸಿಯಾಗಿರುವ ಕಡೆ ಸ್ಟೋಮಾ ಪುಡಿ (ಹೊರಗೆ ತಂದ ಕರುಳಿನ ಬಾಯಿಯ ಸುತ್ತ ಹಾಕುವ ಪುಡಿ) ಉದುರಿಸಿ, ಹೆಚ್ಚಾದದ್ದನ್ನು ಊದಿ ತೆಗೆದು, ಮೇಲೆ ಬ್ಯಾಗ್ ಅಂಟಿಸಿ, ಐದು ನಿಮಿಷ ಅಂಗೈ ಇಟ್ಟು ಒತ್ತಿ ಹಿಡಿಯಿರಿ. ಅಂಗೈ ಬಿಸಿಗೆ ಅಂಟು ಹಿಡಿಯುತ್ತದೆ. ಬ್ಯಾಗಿನ ಅಡಿಗೆ ಜಿಂಕ್ ಮುಲಾಮು ಹಚ್ಚಬೇಡಿ, ಅಂಟು ನಿಲ್ಲುವುದಿಲ್ಲ. ಬ್ಯಾಗೇ ಸಿಗದ ದಿನ ಮಾತ್ರ ಮುಲಾಮು ದಪ್ಪಗೆ ಬಳಿದು, ಸುತ್ತ ಹತ್ತಿ ಬಟ್ಟೆ ಇಡಿ. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಭಾರಕ್ಕೆ ಅದು ಎಳೆದುಕೊಂಡು ಬಿಡುತ್ತದೆ.

ಕರುಳು ನಮ್ಮ ಬಾಯಿಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿ ಇದ್ದರೆ ಚೆನ್ನಾಗಿದೆ ಅಂತ. ಒರೆಸಿದಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ನೀಲಿಯಾದರೆ, ಕಪ್ಪಾದರೆ ಕಾಯಬೇಡಿ.

ಇನ್ನೊಂದು ಮಾತು. ಬ್ಯಾಗಿನಿಂದ ದಿನಕ್ಕೆ ಎಷ್ಟು ಬರುತ್ತದೆ ಅಂತ ಅಳೆದಿದ್ದೀರಾ? ಮಗನ ತೂಕ ಎಷ್ಟು?

ಹಾವೇರಿ ಅಮ್ಮ

ಡಾಕ್ಟ್ರೇ, ಸಿಸ್ಟರ್, ನಿಮ್ಮಿಬ್ಬರ ಬರಹವನ್ನು ಮನೆಯವರಿಗೂ ಓದಿ ಹೇಳಿದೆ. ನೀವು ಹೇಳಿದ ಹಾಗೆ ಇವತ್ತು ಬೆಳಿಗ್ಗೆ ತೂತು ಸಣ್ಣದು ಕತ್ತರಿಸಿ ಹಾಕಿದೆ. ಮಧ್ಯಾಹ್ನದವರೆಗೆ ಸೋರಿಲ್ಲ.

ತೂಕ 19 ಕೆಜಿ. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ ಅಳೆದೆ. ಸುಮಾರು 650 ಮಿಲಿ ಇತ್ತು. ಬಾಯಾರಿಕೆ ಅನ್ನುತ್ತಾನೆ, ನೀರು ಕೊಡುತ್ತಲೇ ಇದ್ದೇನೆ. ಕಾಲು ಸೆಳೆಯುತ್ತದೆ ಅನ್ನುತ್ತಾನೆ.

ವಾರ್ಡ್ ಸಿಸ್ಟರ್

ಅಕ್ಕಾ, ಇವತ್ತೇ ಕರೆದುಕೊಂಡು ಹೋಗಿ. ನಾಳೆ ಅನ್ನಬೇಡಿ. ಕಿಲೋಗೆ 20 ಮಿಲಿ ಲೆಕ್ಕದಲ್ಲಿ 19 ಕಿಲೋ ಮಗುವಿಗೆ 380 ಆಯಿತು. ಅದನ್ನು ದಾಟಿದರೆ ಜಾಸ್ತಿ ಅಂತಲೇ ತಿಳಿಯುತ್ತೇವೆ. ನೀರಿನ ಜೊತೆ ಉಪ್ಪು ಹೋಗುತ್ತಿದೆ. ಬರೀ ನೀರು ಕುಡಿಸಿದರೆ ಉಪ್ಪು ಇನ್ನೂ ತೆಳುವಾಗುತ್ತದೆ. ಕಾಲು ಸೆಳೆತ ಅದಕ್ಕೇ ಇರಬಹುದು. ದಾರಿಯಲ್ಲಿ ಓಆರ್‌ಎಸ್ ಕೊಡುತ್ತಾ ಹೋಗಿ. ಒಂದು ಲೀಟರಿನ ಪೊಟ್ಟಣ, ಸರಿಯಾಗಿ ಒಂದು ಲೀಟರ್ ನೀರು.

ಮಕ್ಕಳ ಸರ್ಜನ್

ಸಿಸ್ಟರ್ ಹೇಳಿದ್ದೇ ಸರಿ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ನೋಡಲು ಹೇಳಿ. ಬೇಕಾದರೆ ಒಂದೆರಡು ದಿನ ಸಲೈನ್ ಹಾಕುತ್ತಾರೆ. ಮಲ ಕಟ್ಟಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನೀವೇ ಕೊಡಬೇಡಿ. ಅದನ್ನು ಆಪರೇಷನ್ ಮಾಡಿದವರೇ ನಿರ್ಧರಿಸಬೇಕು, ಯಾಕೆಂದರೆ ಒಳಗೆ ಕೀವಿನ ಗಂಟು ಇದ್ದರೂ ಹೀಗೆ ಜಾಸ್ತಿ ಸೋರುತ್ತದೆ. ಹಾಗಾಗಿ ಸ್ಕ್ಯಾನ್ ಕೂಡ ಮಾಡಿಸಬಹುದು.

ಶಿವಮೊಗ್ಗದ ರೈತ

ಮಧ್ಯೆ ಬರುತ್ತಿರುವುದಕ್ಕೆ ಕ್ಷಮಿಸಿ. ನನ್ನ ಅಕ್ಕನ ಮಗನಿಗೂ ಟೈಫಾಯ್ಡ್‌ನಲ್ಲಿ ಕರುಳು ತೂತಾಗಿದೆ ಅಂದಿದ್ದರು. ಅವನಿಗೆ ಹೊಟ್ಟೆ ಕೊಯ್ಯಲೇ ಇಲ್ಲ. ಇಂಜೆಕ್ಷನ್, ಸಲೈನ್, ಮೂಗಿನಲ್ಲಿ ನಳಿಕೆ, ಇಷ್ಟರಲ್ಲೇ ಗುಣ ಆಯಿತು. ಹಾಗಾದರೆ ಎಲ್ಲರಿಗೂ ಆಪರೇಷನ್ ಯಾಕೆ? ಎಳೆ ಮಕ್ಕಳ ಹೊಟ್ಟೆ ಕೊಯ್ಯುವುದು ಕೇಳಿದರೇ ಸಂಕಟ ಆಗುತ್ತದೆ.

ನೈಜೀರಿಯಾದಲ್ಲಿದ್ದ ಡಾಕ್ಟರ್

ಇದಕ್ಕೆ ನಾನು ಉತ್ತರ ಬರೆಯಬಹುದು ಅನಿಸುತ್ತದೆ. ನಾನು ದಾವಣಗೆರೆಯವನು. ಉತ್ತರ ನೈಜೀರಿಯಾದ ಒಂದು ಆಸ್ಪತ್ರೆಯಲ್ಲಿ ಕೆಲವು ವರ್ಷ ಸರ್ಜನ್ ಆಗಿದ್ದೆ. ಪಶ್ಚಿಮ ಆಫ್ರಿಕಾದಲ್ಲಿ ಟೈಫಾಯ್ಡ್ ತೂತು ನಮ್ಮಲ್ಲಿಗಿಂತ ಜಾಸ್ತಿ. ಅದರಲ್ಲೂ 5ರಿಂದ 15 ವರ್ಷದ ಮಕ್ಕಳಿಗೇ ಜಾಸ್ತಿ. ಮಳೆಗಾಲದಲ್ಲಿ ವಾರ್ಡಿನಲ್ಲಿ ಜಾಗ ಇರುತ್ತಿರಲಿಲ್ಲ.

ನಿಮ್ಮ ಪ್ರಶ್ನೆ ಹಳೆಯದು, ದೊಡ್ಡ ದೊಡ್ಡ ವೈದ್ಯರೂ ಕೇಳಿದ್ದು. 1898ರಲ್ಲಿ ಫಿಲಡೆಲ್ಫಿಯಾದ ಸರ್ಜನ್ ವಿಲಿಯಂ ಕೀನ್, ಟೈಫಾಯ್ಡ್‌ನ ಸರ್ಜರಿ ತೊಂದರೆಗಳ ಮೇಲೆ ಒಂದು ಇಡೀ ಪುಸ್ತಕ ಬರೆದರು. ತೂತಾದರೆ ಕಾಯದೆ ಹೊಟ್ಟೆ ತೆರೆಯಬೇಕು ಅನ್ನುವುದು ಅವರ ನಿಲುವು. ಆಗ ಆಂಟಿಬಯಾಟಿಕ್ ಇರಲಿಲ್ಲ, ರಕ್ತ ಕೊಡುವ ವ್ಯವಸ್ಥೆ ಇರಲಿಲ್ಲ. ಆಮೇಲೆ 1948ರಲ್ಲಿ ಕ್ಲೋರಾಂಫೆನಿಕಾಲ್ ಅನ್ನುವ ಆಂಟಿಬಯಾಟಿಕ್ ಟೈಫಾಯ್ಡ್‌ಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಯಿತು. ಔಷಧಿ ಬಂದ ಮೇಲೆ ಕೆಲವರು ತಿರುಗಿ ಯೋಚಿಸಿದರು. ಕೀನ್ಯಾದಲ್ಲಿ ಕೆಲಸ ಮಾಡಿದ ಸರ್ಜನ್ ಹಕ್‌ಸ್ಟೆಪ್, 1960ರ ಸುಮಾರಿಗೆ, ಆಪರೇಷನ್ ಇಲ್ಲದೆ ನೋಡಿಕೊಳ್ಳುವ ಪರವಾಗಿ ಬರೆದರು. ಅಷ್ಟು ಬಳಲಿದ ರೋಗಿ ಅರಿವಳಿಕೆ ತಡೆಯುವುದಿಲ್ಲ ಅನ್ನುವ ಕಾಲ ಅದು. ಅರಿವಳಿಕೆ, ರಕ್ತ, ಒಳ್ಳೆಯ ಆಂಟಿಬಯಾಟಿಕ್ ಎಲ್ಲ ಸಿಗತೊಡಗಿದ ಮೇಲೆ ಆಪರೇಷನ್ನೇ ಸರಿ ಅನ್ನುವುದು ಗಟ್ಟಿಯಾಯಿತು. ಔಷಧಿ ರೋಗಾಣುವನ್ನು ಕೊಲ್ಲಬಹುದು. ತೂತಿನಿಂದ ಗಂಟೆಗಂಟೆಗೂ ಹೊಟ್ಟೆಗೆ ಸುರಿಯುವ ಮಲವನ್ನು ನಿಲ್ಲಿಸುವುದಿಲ್ಲ.

ನಿಮ್ಮ ಅಕ್ಕನ ಮಗನಿಗೆ ಏನಾಗಿತ್ತು ಅಂತ ಊಹಿಸಬಲ್ಲೆ. ಕೆಲವೊಮ್ಮೆ ಹೊಟ್ಟೆಯೊಳಗಿನ ಕೊಬ್ಬಿನ ಪರದೆ ಬಂದು ಸಣ್ಣ ತೂತಿಗೆ ಅಂಟಿಕೊಳ್ಳುತ್ತದೆ. ಕೀವು ಒಂದೇ ಕಡೆ ಗಂಟು ಕಟ್ಟಿ ನಿಲ್ಲುತ್ತದೆ. ಮಗು ಚೆನ್ನಾಗಿದ್ದರೆ ಸರ್ಜನ್ ಗಂಟೆಗಂಟೆಗೂ ಹೊಟ್ಟೆ ಮುಟ್ಟಿ ನೋಡುತ್ತಾ ಕಾಯಬಹುದು. ಅವನು ಕಾದದ್ದು ಆಸ್ಪತ್ರೆಯಲ್ಲಿ, ಆಪರೇಷನ್ ಥಿಯೇಟರಿನ ಪಕ್ಕದಲ್ಲಿ. ಮನೆಯಲ್ಲಿ ಕಾಯುವುದೇ ಬೇರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ತೂತು ಅಂತ ಗೊತ್ತಾದ ತಕ್ಷಣ ಥಿಯೇಟರಿಗೆ ಒಯ್ಯಲಿಲ್ಲ, ನಾಲ್ಕು ತಾಸು ಸುಮ್ನೆ ಮಲಗಿಸಿದ್ದರು ಅಂತ ಅಪ್ಪ ಅಮ್ಮಂದಿರು ಸಿಟ್ಟಾಗುತ್ತಾರೆ. ಸುಮ್ನೆ ಅಲ್ಲ. ಆ ಹೊತ್ತಿನಲ್ಲಿ ಸಲೈನ್ ಓಡಿಸುತ್ತೇವೆ, ಪೊಟ್ಯಾಸಿಯಂ ಸರಿಮಾಡುತ್ತೇವೆ, ಮೂಗಿನ ನಳಿಕೆಯಿಂದ ಹೊಟ್ಟೆ ಖಾಲಿ ಮಾಡುತ್ತೇವೆ, ಆಂಟಿಬಯಾಟಿಕ್ ಶುರುಮಾಡುತ್ತೇವೆ, ರಕ್ತ ಹೊಂದಿಸುತ್ತೇವೆ. ಮೂತ್ರದ ಚೀಲಕ್ಕೆ ಹನಿ ಹನಿಯಾಗಿ ಮೂತ್ರ ಬರುವುದನ್ನೇ ನೋಡುತ್ತಾ ಕೂರುತ್ತೇವೆ. ಒಣಗಿದ ಮಗುವಿಗೆ ಅರಿವಳಿಕೆ ಕೊಟ್ಟರೆ ಟೇಬಲ್ ಮೇಲೇ ಹೋಗಿಬಿಡುತ್ತದೆ. ಮೊದಮೊದಲು ನಾನೂ ಅವಸರ ಮಾಡುತ್ತಿದ್ದೆ. ಹಿರಿಯರೊಬ್ಬರು ಕೈ ಹಿಡಿದು ಕಲಿಸಿದರು.

ಬ್ಯಾಗಿನ ವಿಷಯದಲ್ಲಿ ಮಾತ್ರ ಮೇಲಿನ ಸರ್ಜನ್ ಅವರಿಗಿಂತ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾನಿದ್ದ ಕಡೆ ಬ್ಯಾಗ್ ಸಿಗುತ್ತಿರಲಿಲ್ಲ. ತಾಯಂದಿರು ಬಟ್ಟೆ ಕಟ್ಟುತ್ತಿದ್ದರು. ಮಕ್ಕಳ ಚರ್ಮ ಕಿತ್ತುಬರುತ್ತಿತ್ತು. ಉಪ್ಪು ನೀರು ಕಳೆದುಕೊಂಡು ಹಳ್ಳಿಯಲ್ಲೇ ಸೊರಗುತ್ತಿದ್ದರು. ಹಾಗಾಗಿ ಸ್ವಲ್ಪ ಧೈರ್ಯ ಮಾಡಿ, ಕೆಟ್ಟ ಭಾಗ ತೆಗೆದು ಜೋಡಿಸಿಬಿಡುವುದೇ ನಮಗೆ ರೂಢಿ. ಬ್ಯಾಗ್ ಹಾಕಿ ಮನೆಗೆ ಕಳಿಸುವುದು, ಮನೆಯಲ್ಲಿ ನೋಡಿಕೊಳ್ಳುವವರು ಇದ್ದರೆ ಮಾತ್ರ ಸುರಕ್ಷಿತ.

ಮಕ್ಕಳ ಸರ್ಜನ್

ನಿಮ್ಮ ಮಾತು ಒಪ್ಪುತ್ತೇನೆ ಸರ್. ನಾನು ಬ್ಯಾಗ್ ಹಾಕುವ ಮುಂಚೆ, ಈ ಮನೆಯವರು ವಾರಕ್ಕೊಮ್ಮೆ ಬರುತ್ತಾರಾ ಅಂತ ಯೋಚಿಸುತ್ತೇನೆ. ಆದರೂ ಮೂರು ದಿನ ಹಳೆಯ ತೂತು, ಬಿಪಿ ನಿಲ್ಲದ ಮಗು ಎದುರಿಗಿದ್ದರೆ, ಬೇಗ ಮುಗಿಸಿ ಐಸಿಯುಗೆ ಕಳಿಸುವುದು ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ.

ಗದಗದ ಮೇಷ್ಟ್ರು

ಈ ಅಮ್ಮ ಬರೆದದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಮ್ಮನದೂ ಇದೇ ಕಥೆ. 1986. ಅವನಿಗೆ 11 ವರ್ಷ. ಇಪ್ಪತ್ತು ದಿನದ ಜ್ವರ. ಒಂದು ಸಂಜೆ ಹೊಟ್ಟೆನೋವು ಅಂತ ನೆಲದ ಮೇಲೆ ಹೊರಳಾಡಿದ. ರಾತ್ರಿ ನೋವು ನಿಂತಿತು. ಮೈ ಬಿಸಿಯೂ ಇಳಿಯಿತು. ಜ್ವರ ಬಿಟ್ಟಿತು ನೋಡು ಅಂತ ಅವ್ವ ಗಂಜಿ ಕಾಸಿದಳು. ಅವನು ಒಂದು ಚಮಚ ಕುಡಿದು ವಾಂತಿ ಮಾಡಿದ. ಎತ್ತಿನ ಗಾಡಿಯಲ್ಲಿ ರಸ್ತೆವರೆಗೆ, ಅಲ್ಲಿಂದ ಬಸ್ಸು. ಆಸ್ಪತ್ರೆಯಲ್ಲಿ ಆಪರೇಷನ್ ಅಂದರು. ಕೊಯ್ದರೆ ಉಳಿಯುವುದಿಲ್ಲ ಅಂತ ಅಪ್ಪ ಸಹಿ ಹಾಕಲು ಒಂದು ಇಡೀ ದಿನ ತೆಗೆದುಕೊಂಡರು. ತಮ್ಮ ಉಳಿಯಲಿಲ್ಲ. ಆಪರೇಷನ್‌ನಿಂದಲೇ ಹೋದ ಅಂತ ಊರೆಲ್ಲ ಮಾತಾಡಿತು. ಅಪ್ಪನೂ ಕೊನೆಯವರೆಗೆ ಹಾಗೇ ನಂಬಿದ್ದರು.

ನನ್ನ ಪ್ರಶ್ನೆ ಇಷ್ಟೇ ಡಾಕ್ಟ್ರೇ. ನೋವು ನಿಂತದ್ದು ಯಾಕೆ?

ಮಕ್ಕಳ ಸರ್ಜನ್

ಮೇಷ್ಟ್ರೇ, ತಮ್ಮನ ವಿಷಯ ಓದಿ ತುಂಬಾ ಬೇಸರ ಆಯಿತು. ನಿಮ್ಮ ಪ್ರಶ್ನೆಯೇ ಈ ಇಡೀ ಚರ್ಚೆಯಲ್ಲಿ ಮುಖ್ಯವಾದದ್ದು.

ತೂತಾದ ಕ್ಷಣ ಕರುಳಿನ ರಸ ಹೊಟ್ಟೆಯ ಪೊರೆಗೆ ಮೊದಲ ಸಲ ತಾಗುತ್ತದೆ. ಆಗ ಚೂರಿ ಹಾಕಿದಂಥ ನೋವು. ಸ್ವಲ್ಪ ಹೊತ್ತಿಗೆ ಪೊರೆಯಿಂದ ನೀರು ಒಸರಿ ಆ ರಸ ತೆಳುವಾಗುತ್ತದೆ. ಮಗು ಅಲುಗಾಡದೆ ಮಲಗಲು ಕಲಿಯುತ್ತದೆ. ಅಲುಗಾಡದಿದ್ದರೆ ನೋವು ಕಡಿಮೆ ಅನಿಸುತ್ತದೆ. ಮೈ ತಣ್ಣಗಾಗುವುದು ಜ್ವರ ಬಿಟ್ಟದ್ದಲ್ಲ, ರಕ್ತದ ಓಟ ಕುಸಿಯುತ್ತಿರುವ ಗುರುತು. ಆ ಹೊತ್ತಿನಲ್ಲಿ ಕೈ ನಾಡಿ ಹಿಡಿದು ನೋಡಿದರೆ ಸಿಕ್ಕಾಪಟ್ಟೆ ಓಡುತ್ತಿರುತ್ತದೆ. ಟೈಫಾಯ್ಡ್‌ನಲ್ಲಿ ದೊಡ್ಡವರಿಗೆ ಎಷ್ಟೋ ಸಲ ಜ್ವರಕ್ಕೆ ತಕ್ಕಷ್ಟು ನಾಡಿ ಓಡುವುದಿಲ್ಲ. ಮೈ ಬಿಸಿ ಇಳಿದು ನಾಡಿ ಏರಿದರೆ ಏನೋ ಕೆಟ್ಟದ್ದಾಗಿದೆ ಅಂತಲೇ ಅರ್ಥ. ಇನ್ನು ಜ್ವರದಲ್ಲಿ ಬಹಳ ದಿನ ಬಳಲಿದ ಮಗು ಚೀರದೆಯೂ ಇರಬಹುದು. ಬರೀ ಹೊಟ್ಟೆ ಉಬ್ಬುತ್ತದೆ, ಗಾಳಿ ಹೋಗುವುದಿಲ್ಲ, ಹಸಿರು ವಾಂತಿ ಆಗುತ್ತದೆ.

ನಿಂತುಕೊಂಡು ತೆಗೆದ ಎಕ್ಸ್‌ರೇಯಲ್ಲಿ ವಪೆಯ (ಎದೆ, ಹೊಟ್ಟೆ ನಡುವಿನ ಪರದೆ) ಕೆಳಗೆ ಕಪ್ಪು ಗೆರೆಯಾಗಿ ಗಾಳಿ ಕಂಡರೆ ತೂತು ಖಚಿತ. ಕಾಣದಿದ್ದರೆ ತೂತಿಲ್ಲ ಅಂತಲ್ಲ, ಎಷ್ಟೋ ಮಕ್ಕಳಲ್ಲಿ ಅದು ಕಾಣುವುದೇ ಇಲ್ಲ. ಹೊಟ್ಟೆ ಮುಟ್ಟಿ ನೋಡಿದ ಕೈಯೇ ದೊಡ್ಡ ಸಾಕ್ಷಿ.

ನಿಮ್ಮ ತಂದೆಯವರನ್ನು ಯಾರೂ ದೂರಲಾಗದು. ಆ ಕಾಲದಲ್ಲಿ ಆಪರೇಷನ್‌ಗೆ ಹೋದ ಮಕ್ಕಳಲ್ಲಿ ತುಂಬಾ ಜನ ಉಳಿಯುತ್ತಿರಲಿಲ್ಲ. ತಡವಾಗಿ ಹೋಗಿ ಉಳಿಯುತ್ತಿರಲಿಲ್ಲ, ಉಳಿಯುವುದಿಲ್ಲ ಅಂತ ತಡಮಾಡುತ್ತಿದ್ದರು.

ಗದಗದ ಮೇಷ್ಟ್ರು

ಅವ್ವ ಇನ್ನೂ ಇದ್ದಾಳೆ. ಇದನ್ನು ಅವಳಿಗೆ ಓದಿ ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೇನೆ. ಶಾಲೆಯಲ್ಲಂತೂ ಹೇಳುತ್ತೇನೆ. ಹತ್ತು ದಿನ ದಾಟಿ ಜ್ವರ ಇರುವ ಮಗು ಹೊಟ್ಟೆನೋವು ಅಂದರೆ ಅದೇ ದಿನ ಆಸ್ಪತ್ರೆಗೆ.

ಲ್ಯಾಬ್ ಟೆಕ್ನಿಷಿಯನ್

ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು ಸ್ವಲ್ಪ. ಹದಿನಾರು ದಿನ ಯಾರೂ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಕಳಿಸಲಿಲ್ಲ ಅನಿಸುತ್ತದೆ. ನಮ್ಮ ಕಡೆ ಜ್ವರ ಅಂದರೆ ವಿಡಾಲ್. ರೋಗಾಣುವಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ, 1896ರಿಂದ ಇರುವ ಪರೀಕ್ಷೆ ಅದು. ಮೊದಲ ವಾರದಲ್ಲಿ ಎಷ್ಟೋ ಸಲ ನೆಗೆಟಿವ್ ಬರುತ್ತದೆ. ಮಲೇರಿಯಾ ಇದ್ದರೂ, ಹಳೆಯ ಸೋಂಕು ಇದ್ದರೂ ಪಾಸಿಟಿವ್ ಬರಬಹುದು. ಒಂದೇ ವಿಡಾಲ್ ನೋಡಿ ಹೌದು ಅನ್ನುವುದೂ ತಪ್ಪು, ಇಲ್ಲ ಅನ್ನುವುದೂ ತಪ್ಪು. ಆಂಟಿಬಯಾಟಿಕ್ ಶುರುಮಾಡುವ ಮೊದಲು ಕಲ್ಚರಿಗೆ ರಕ್ತ ಕಳಿಸಬೇಕು. ಅದೂ ಎಲ್ಲರಲ್ಲೂ ಹಿಡಿಯುವುದಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ಸಿಗುತ್ತದೆ. ಆದರೆ ಬೆಳೆದರೆ ಯಾವ ಔಷಧಿ ನಾಟುತ್ತದೆ ಅಂತ ಗೊತ್ತಾಗುತ್ತದೆ. ಹಿಂದೆ ಎಲ್ಲರೂ ಕೊಡುತ್ತಿದ್ದ ಸಿಪ್ರೊಫ್ಲಾಕ್ಸಸಿನ್ ಈಗ ನಮ್ಮ ದೇಶದ ಹೆಚ್ಚಿನ ಟೈಫಾಯ್ಡ್‌ಗೆ ಸರಿಯಾಗಿ ನಾಟುವುದಿಲ್ಲ.

ಅಮ್ಮ, ಕತ್ತರಿಸಿದ ಕರುಳಿನ ಬಯಾಪ್ಸಿ ವರದಿ ಬಂದಿದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ಅದೇ ಜಾಗದಲ್ಲಿ ಕ್ಷಯವೂ ತೂತು ಮಾಡುತ್ತದೆ. ಎರಡಕ್ಕೂ ಔಷಧಿ ಬೇರೆ ಬೇರೆ.

ಬಳ್ಳಾರಿ ಅಪ್ಪ

ನಮ್ಮ ಅನುಭವ ಉಲ್ಟಾ. ಮಗಳಿಗೆ 6 ವರ್ಷ. ಟೈಫಾಯ್ಡ್ ಎರಡನೇ ವಾರ. ಬಲಗಡೆ ಪಕ್ಕೆಯ ಕೆಳಗೆ ನೋವು. ಸ್ಕ್ಯಾನಿನಲ್ಲಿ ಪಿತ್ತಕೋಶ ಊದಿದೆ, ಕಲ್ಲಿಲ್ಲ ಅಂದರು. ನಾನು ಆಪರೇಷನ್ ಮಾಡಿ ಅಂತ ಗೋಗರೆದೆ. ಅವರು ಬೇಡ ಅಂದರು. ದಿನ ಬಿಟ್ಟು ದಿನ ಸ್ಕ್ಯಾನ್ ಮಾಡುತ್ತಾ ಇಂಜೆಕ್ಷನ್ ಕೊಟ್ಟರು. ಹತ್ತು ದಿನಕ್ಕೆ ಊತ ಇಳಿಯಿತು. ಈಗ ಎರಡು ವರ್ಷ ಆಯಿತು, ಚೆನ್ನಾಗಿದ್ದಾಳೆ. ಅವರು ಮಾಡಿದ್ದು ಸರಿನಾ?

ಮಕ್ಕಳ ಸರ್ಜನ್

ಸರಿಯೇ. ಕಲ್ಲಿಲ್ಲದೆ ಪಿತ್ತಕೋಶ ಊದುವುದು ಟೈಫಾಯ್ಡ್ ಮಕ್ಕಳಲ್ಲಿ ಉಂಟು. ಬಹುಪಾಲು ಔಷಧಿಯಲ್ಲೇ ಇಳಿಯುತ್ತದೆ. ಕೊಳೆಯುವ, ಒಡೆಯುವ ಸೂಚನೆ ಕಂಡರೆ ಮಾತ್ರ ಕೈ ಹಾಕುತ್ತೇವೆ. ಕರುಳಿನ ಹುಣ್ಣಿನಿಂದ ರಕ್ತ ಹೋಗುವುದೂ ಹಾಗೆ. ಮಲ ಕಪ್ಪಾಗಿ ಅಥವಾ ಕೆಂಪಾಗಿ ಬಂದರೆ ನೋಡಿದವರಿಗೆ ಜೀವ ಹೋದ ಹಾಗಾಗುತ್ತದೆ, ಆದರೆ ರಕ್ತ ಕೊಟ್ಟು, ಔಷಧಿ ಮುಂದುವರಿಸಿದರೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಗುಲ್ಮದಲ್ಲಿ ಕೀವಾದರೆ ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ತೆಗೆಯಬಹುದು. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಮಕ್ಕಳಲ್ಲಿ ಸಿಕಲ್ ಸೆಲ್ ಕಾಯಿಲೆ (ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ, ಹುಟ್ಟಿನಿಂದ ಬರುವ ಕಾಯಿಲೆ) ಇದೆ. ಅಂಥ ಮಕ್ಕಳಿಗೆ ಈ ಜಾತಿಯ ರೋಗಾಣು ಮೂಳೆಯಲ್ಲಿ ಕೀವು ಮಾಡುವ ಅಪಾಯ ಹೆಚ್ಚು. ಜ್ವರದ ಜೊತೆ ಕೈಯೋ ಕಾಲೋ ಊದಿದರೆ ಅದನ್ನು ಮರೆಯಬಾರದು. ತೂತು ಮಾತ್ರ ಕಾದು ನೋಡುವಂಥದ್ದಲ್ಲ.

ಹಾವೇರಿ ಅಮ್ಮ

ಐದು ದಿನ ಬರೆಯಲಾಗಲಿಲ್ಲ. ಅವತ್ತೇ ಹೋದೆವು. ಸೋಡಿಯಂ ತುಂಬಾ ಕಡಿಮೆ ಇತ್ತು. ಮೂರು ದಿನ ಸಲೈನ್ ಹಾಕಿದರು. ಸ್ಕ್ಯಾನಿನಲ್ಲಿ ಕೀವು ಇಲ್ಲ. ಕಡಿಮೆಯಾಗಲು ಮಾತ್ರೆ ಅವರೇ ಕೊಟ್ಟಿದ್ದಾರೆ. ನಿನ್ನೆ 320 ಮಿಲಿ. ಕಾಲು ಸೆಳೆತ ಹೋಗಿದೆ. ಸಿಸ್ಟರ್, ನೀವು ಅಳೆಯಲು ಹೇಳದಿದ್ದರೆ ನಾನು ನೀರು ಕುಡಿಸುತ್ತಲೇ ಕೂತಿರುತ್ತಿದ್ದೆ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಸ್ಪತ್ರೆ ಖರ್ಚು ನಡೆಯಿತು. ಬ್ಯಾಗ್ ಮಾತ್ರ ಹೊರಗೆ ತರುತ್ತಿದ್ದೇವೆ.

ಊಟದ ಬಗ್ಗೆ ಮನೆಯಲ್ಲಿ ಗೊಂದಲ. ಟೈಫಾಯ್ಡ್ ಅಂದರೆ ಅನ್ನ ಕೊಡಬಾರದು, ಬರೀ ಗಂಜಿ ಅಂತ ನಮ್ಮ ಅತ್ತೆ ಅನ್ನುತ್ತಾರೆ. ಮಗ ಜೋಳದ ರೊಟ್ಟಿ ಕೇಳುತ್ತಾನೆ. ಮನೆಯಲ್ಲಿ 4 ವರ್ಷದ ಮಗಳೂ ಇದ್ದಾಳೆ. ಅವಳಿಗೆ ಬರುತ್ತದಾ?

ವಾರ್ಡ್ ಸಿಸ್ಟರ್

ಅತ್ತೆಯವರ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಅವರ ತಪ್ಪಲ್ಲ. ಆದರೆ ಈಗ ಮಗನಿಗೆ ಬೇಕಿರುವುದೇ ಊಟ. ಮತ್ತೆ ಜೋಡಿಸಬೇಕಾದರೆ ತೂಕ ಬರಬೇಕಲ್ವಾ. ಮೆತ್ತನೆ ಅನ್ನ, ಮೊಸರನ್ನ, ಬಾಳೆಹಣ್ಣು, ಆಲೂಗಡ್ಡೆ, ಮೊಟ್ಟೆ, ರಾಗಿ ಅಂಬಲಿ, ಬೇಳೆ. ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ. ಉಪ್ಪು ಒಂದು ಚಿಟಿಕೆ ಜಾಸ್ತಿಯೇ ಇರಲಿ. ಸಿಹಿ ಜ್ಯೂಸ್, ಬಾಟಲಿ ಪಾನೀಯ ಬೇಡ, ಬ್ಯಾಗ್ ಇನ್ನೂ ತುಂಬುತ್ತದೆ. ರೊಟ್ಟಿ ಹಾಲಿನಲ್ಲೋ ಸಾರಿನಲ್ಲೋ ನೆನೆಸಿ ಕೊಡಿ. ಇಡೀ ಶೇಂಗಾ, ಕೊಬ್ಬರಿ ಚೂರು, ಮೆಕ್ಕೆಜೋಳ, ಸಿಪ್ಪೆ ಇರುವ ಹಣ್ಣು ಸದ್ಯಕ್ಕೆ ಬೇಡ, ಬಾಯಿಯಲ್ಲೇ ಕಟ್ಟಿಕೊಳ್ಳುತ್ತದೆ. ಬಾಯಿ ಅಂದರೆ ಹೊಟ್ಟೆಯ ಮೇಲಿನದು.

ಬ್ಯಾಗಿನದ್ದನ್ನು ಸಂಡಾಸಿಗೇ ಹಾಕಿ, ಅಂಗಳಕ್ಕೆ ಬೇಡ. ಅದರಲ್ಲಿ ರೋಗಾಣು ಇನ್ನೂ ಇರಬಹುದು. ಪ್ರತಿ ಸಲ ಸೋಪು ಹಚ್ಚಿ ಕೈ ತೊಳೆದೇ ಅಡುಗೆಮನೆಗೆ ಹೋಗಿ. ಕುಡಿಯುವ ನೀರು ಕುದಿಸಿ.

ನೈಜೀರಿಯಾದಲ್ಲಿದ್ದ ಡಾಕ್ಟರ್

ಮಗಳಿಗೆ ಲಸಿಕೆ ಹಾಕಿಸಿ. ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಅಂತ ಕೇಳಿ. 6 ತಿಂಗಳ ಕೂಸಿನಿಂದಲೇ ಕೊಡಬಹುದು, ಒಂದೇ ಚುಚ್ಚುಮದ್ದು. ನಮ್ಮ ಪಕ್ಕದ ಹೈದರಾಬಾದಿನಲ್ಲೇ ತಯಾರಾಗುತ್ತದೆ. ನೇಪಾಳ, ಬಾಂಗ್ಲಾದೇಶ, ಮಲಾವಿಯ ಮಕ್ಕಳಲ್ಲಿ ಪರೀಕ್ಷೆ ಮಾಡಿದಾಗ ಸುಮಾರು 80 ಶೇಕಡಾ ರಕ್ಷಣೆ ಕಂಡಿತು. ನವಿ ಮುಂಬೈಯಲ್ಲಿ 2018ರಲ್ಲಿ ನಗರಪಾಲಿಕೆಯೇ ಮಕ್ಕಳಿಗೆ ಹಾಕಿತು. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹೆಚ್ಚಿನ ಔಷಧಿಗಳಿಗೆ ಬಗ್ಗದ ಟೈಫಾಯ್ಡ್ ಹಬ್ಬಿತು, 2019ರಲ್ಲಿ ಅಲ್ಲಿ ಸರ್ಕಾರದ ಲಸಿಕೆ ಪಟ್ಟಿಗೇ ಸೇರಿಸಿದರು. 2017ರಿಂದ 2020ರವರೆಗೆ ದೆಹಲಿ, ಕೋಲ್ಕತ್ತ, ವೆಲ್ಲೂರಿನ ನಗರದ ಮಕ್ಕಳನ್ನು ಮನೆಮನೆಗೆ ಹೋಗಿ ನೋಡಿದ ಅಧ್ಯಯನ ಇದೆ. ವರ್ಷಕ್ಕೆ 1 ಲಕ್ಷ ಮಕ್ಕಳಲ್ಲಿ ಊರಿಂದ ಊರಿಗೆ 576ರಿಂದ 1,173ರವರೆಗೆ ಟೈಫಾಯ್ಡ್ ಸಿಕ್ಕಿತು, ಅದೂ ಕಲ್ಚರಿನಲ್ಲಿ ಖಚಿತವಾದದ್ದು. ಇಷ್ಟು ಇದ್ದರೂ ನಮ್ಮಲ್ಲಿ ಹೆಚ್ಚಿನ ಕಡೆ ಈ ಲಸಿಕೆಯನ್ನು ದುಡ್ಡು ಕೊಟ್ಟೇ ಹಾಕಿಸಬೇಕು. ನನಗೆ ಇದು ಸರಿ ಅನಿಸುವುದಿಲ್ಲ. ತೂತಾದ ಒಂದೊಂದು ಹೊಟ್ಟೆ ಹೊಲಿಯುವಾಗಲೂ ಅದೇ ಯೋಚನೆ ಬರುತ್ತಿತ್ತು.

ಮಗನಿಗೂ ಗುಣವಾದ ಮೇಲೆ ಕೇಳಿ ಹಾಕಿಸಿ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಅಂತೇನೂ ಇಲ್ಲ.

ಹಾವೇರಿ ಅಮ್ಮ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಹತ್ತನೇ ವಾರಕ್ಕೆ ಕರುಳು ಜೋಡಿಸುವ ಆಪರೇಷನ್ ಆಯಿತು. ಬಣ್ಣದ ಔಷಧಿ ಬಿಟ್ಟು ತೆಗೆದ ಎಕ್ಸ್‌ರೇ ಚೆನ್ನಾಗಿತ್ತು. ತೂಕ 23 ಕೆಜಿ ಆಗಿತ್ತು. ನಾಲ್ಕನೇ ದಿನ ಗಾಳಿ ಹೋಯಿತು, ಐದನೇ ದಿನ ಸಂಡಾಸಿಗೆ ಹೋದ. ವಾರ್ಡಿನ ಹೊರಗೆ ಕೂತಿದ್ದ ಅವರಪ್ಪನಿಗೆ ಓಡಿಹೋಗಿ ಹೇಳಿದೆ. ಮೊನ್ನೆ ಹೊಲಿಗೆ ಬಿಚ್ಚಿದರು. ಶಾಲೆಗೆ ಯಾವಾಗ ಕಳಿಸಲಿ? ಇನ್ನೇನಾದರೂ ನೋಡಿಕೊಳ್ಳಬೇಕಾ?

ಮಕ್ಕಳ ಸರ್ಜನ್

ತುಂಬಾ ಖುಷಿಯಾಯಿತು ಅಮ್ಮ. ನಿಮ್ಮ ಸರ್ಜನ್ ಒಪ್ಪಿದರೆ ಇನ್ನೊಂದೆರಡು ವಾರ ಬಿಟ್ಟು ಶಾಲೆಗೆ ಹೋಗಲಿ. ಕಬಡ್ಡಿ, ಸೈಕಲ್, ಭಾರದ ಬ್ಯಾಗ್ ಸದ್ಯಕ್ಕೆ ಬೇಡ. ಒಂದು ವಿಷಯ ಮಾತ್ರ ಮನೆಯವರೆಲ್ಲರಿಗೂ ಗೊತ್ತಿರಲಿ. ಹೊಟ್ಟೆಯ ಆಪರೇಷನ್ ಆದ ಮೇಲೆ ಕರುಳು ಒಂದಕ್ಕೊಂದು ಅಂಟಿಕೊಂಡು ದಾರಿ ಕಟ್ಟುವುದುಂಟು, ಅದು ವರ್ಷಗಳ ಮೇಲೂ ಆಗಬಹುದು. ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಗಾಳಿ ಹೋಗದಿದ್ದರೆ ಬೇರೆಲ್ಲೂ ನಿಲ್ಲದೆ ಆಪರೇಷನ್ ಆದ ಆಸ್ಪತ್ರೆಗೇ ಹೋಗಿ. ಹಳೆಯ ಕಾಗದಗಳು ಕೈಯಲ್ಲಿರಲಿ.

ಹಾವೇರಿ ಅಮ್ಮ

ಆಗಲಿ ಡಾಕ್ಟ್ರೇ. ಮಗಳಿಗೆ ಲಸಿಕೆ ಹಾಕಿಸಿದೆ. ಸಿಸ್ಟರ್, ನಮ್ಮ ಹತ್ತಿರ ತೆರೆಯದ ಬ್ಯಾಗ್ ಏಳು ಉಳಿದಿವೆ, ಪುಡಿಯ ಡಬ್ಬಿ ಒಂದಿದೆ. ಬೇಕಾದವರು ಯಾರಾದರೂ ಇದ್ದಾರಾ?

ವಾರ್ಡ್ ಸಿಸ್ಟರ್

ಇದ್ದಾರೆ ಅಕ್ಕಾ. ನಿನ್ನೆಯೇ ಸವಣೂರಿನ ಕಡೆಯಿಂದ 7 ವರ್ಷದ ಹುಡುಗಿಯೊಬ್ಬಳು ಬಂದಿದ್ದಾಳೆ, ಇದೇ ತೊಂದರೆ. ಅವಳ ಅಮ್ಮ ಬಟ್ಟೆ ಕಟ್ಟುತ್ತಿದ್ದಾರೆ. ಅಳತೆ ನೋಡಿ ಹೇಳುತ್ತೇನೆ, ಬಸ್ಸಿನಲ್ಲಿ ಕಳಿಸಿಬಿಡಿ. ಆಗುವುದಾದರೆ ನೀವೇ ಬನ್ನಿ. ಬ್ಯಾಗಿಗಿಂತ ಹೆಚ್ಚಾಗಿ ನಿಮ್ಮ ಮಗನನ್ನು ನೋಡಬೇಕು ಅವರು.

ಹಾವೇರಿ ಅಮ್ಮ

ಭಾನುವಾರ ಇಬ್ಬರೂ ಬರುತ್ತೇವೆ.